ಪಿಒಪಿ ಎರಕ ಪುಡಿ ಉದುರುತ್ತಿದೆ, ಮುಖದ ತುಂಬ ಸೂಜಿತೂತು: ಕಾರಣ ಏನಿರಬಹುದು?

ಅಚ್ಚುಮೆಚ್ಚು

ಎಲ್ಲರಿಗೂ ನಮಸ್ಕಾರ. ಸಿಲಿಕೋನ್ ಅಚ್ಚು ಇಟ್ಟುಕೊಂಡು ಮನೆಯಲ್ಲೇ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಕ ಮಾಡ್ತೀನಿ. ಗೋಡೆಗೆ ತೂಗುಹಾಕೋ ಎಲೆ, ಹೂವಿನ ಬಿಲ್ಲೆ, ಮೇಣದಬತ್ತಿ ಇಡೋ ತಟ್ಟೆ, ಇಂಥವು. ಮೊದಮೊದಲು ಚೆನ್ನಾಗೇ ಬರ್ತಿತ್ತು. ಈಗೀಗ ಬೆರಳಾಡಿಸಿದರೆ ಬಿಳಿ ಪುಡಿ ಮೆತ್ತಿಕೊಳ್ಳುತ್ತೆ, ಮುಖದ ಮೇಲೆಲ್ಲ ಸೂಜಿ ಚುಚ್ಚಿದಂಥ ತೂತು, ಎಲೆಯ ತುದಿಯಂಥ ತೆಳು ಭಾಗ ಅಚ್ಚಿನಿಂದ ಬಿಡಿಸುವಾಗಲೇ ಮುರಿಯುತ್ತೆ. ಬಣ್ಣ ಹಚ್ಚಿದರೆ ಅದೂ ಸಿಪ್ಪೆ ಸಿಪ್ಪೆಯಾಗಿ ಏಳ್ತಿದೆ.

ನಾನು ಮಾಡೋ ಕ್ರಮ ಹೀಗೆ: ಬಟ್ಟಲಿಗೆ ಪುಡಿ ಹಾಕಿ, ಮೇಲೆ ಬಿಸಿನೀರು ಸುರಿದು, ಚಮಚದಲ್ಲಿ ಜೋರಾಗಿ ತಿರುವ್ತೀನಿ. ಅಳತೆ ಕಣ್ಣಂದಾಜು. ಎರಡನೇ ಅಚ್ಚಿಗೆ ಹೊಯ್ಯೋ ಹೊತ್ತಿಗೆ ಗಟ್ಟಿಯಾಗ್ತಿದ್ರೆ ಇನ್ನೊಂದಿಷ್ಟು ನೀರು ಹಾಕಿ ಸಡಿಲ ಮಾಡ್ಕೊಳ್ತೀನಿ. ಬಿಡಿಸಿದ ಮೇಲೆ ಓವನ್‌ನಲ್ಲಿ 100 ಡಿಗ್ರಿಗೆ ಇಟ್ಟು ಒಣಗಿಸ್ತೀನಿ. ಪುಡಿ ಮಾತ್ರ ಹಳೇ ಚೀಲದ್ದೇ.

ತಕ್ಕಡಿ

ಅಚ್ಚುಮೆಚ್ಚು ಅವರೇ, ನೀವು ಬರೆದಿರೋ ಕ್ರಮದಲ್ಲೇ ಕಾರಣ ಎಲ್ಲಾ ಇದೆ. ಒಂದೊಂದಾಗಿ ಬಿಡಿಸೋಣ. ಮೊದಲು ನೀರು.

ಪಿಒಪಿ ಅಂದ್ರೆ ಜಿಪ್ಸಮ್ ಅನ್ನೋ ಖನಿಜವನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಭಾಗ ಓಡಿಸಿದ ಪುಡಿ. ನಾವು ನೀರು ಸೇರಿಸಿದಾಗ ಅದು ವಾಪಸ್ ಜಿಪ್ಸಮ್ ಆಗುತ್ತೆ. ಸೂಜಿಯಂಥ ಸಣ್ಣ ಹರಳು ಬೆಳೆದು ಒಂದಕ್ಕೊಂದು ಸಿಕ್ಕಿಹಾಕಿಕೊಳ್ತವೆ, ಗಟ್ಟಿತನ ಬರೋದು ಅಲ್ಲಿಂದ. ಈ ಕೆಲಸಕ್ಕೆ 100 ಗ್ರಾಂ ಪುಡಿಗೆ ಬೇಕಾಗೋ ನೀರು 18.6 ಗ್ರಾಂ ಮಾತ್ರ. ಅಷ್ಟರಲ್ಲಿ ಕಲಸಿದರೆ ಹೊಯ್ಯೋಕೆ ಬರಲ್ಲ, ಅದಕ್ಕೇ ಸಾಮಾನ್ಯ ಪಿಒಪಿಗೆ 60ರಿಂದ 70 ಗ್ರಾಂ ಹಾಕ್ತೀವಿ. ಮಿಕ್ಕ ನೀರೆಲ್ಲ ಆಮೇಲೆ ಆವಿಯಾಗಿ ಹೋಗಬೇಕು, ಅದು ಇದ್ದ ಜಾಗ ಪೊಳ್ಳಾಗಿ ಉಳಿಯುತ್ತೆ. ನೀರು 100 ಗ್ರಾಂ ದಾಟಿತು ಅಂದ್ರೆ ಪೊಳ್ಳೇ ಜಾಸ್ತಿ, ಹರಳು ಕಡಿಮೆ. ಉದುರದೇ ಇನ್ನೇನು ಮಾಡುತ್ತೆ?

ಎರಡನೇದು, ಗಟ್ಟಿಯಾಗ್ತಿರೋದಕ್ಕೆ ಮತ್ತೆ ನೀರು ಹಾಕೋದು. ಇದನ್ನ ದಯವಿಟ್ಟು ಬಿಡಿ. ಆ ಹೊತ್ತಿಗೆ ಹರಳು ಕೈಕೈ ಹಿಡಿದಾಗಿರುತ್ತೆ, ನೀವು ತಿರುವಿ ಅದನ್ನ ಮುರೀತೀರಿ. ಮುರಿದದ್ದು ಮತ್ತೆ ಕೂಡಿಕೊಳ್ಳಲ್ಲ. ಅಂಥ ಮಿಶ್ರಣ ಬಿಸಾಡೋದೇ ಸರಿ.

ಹಳೇಬಕೆಟ್

ತಕ್ಕಡಿಯವರ ಲೆಕ್ಕ ಖರೇನ ಐತ್ರಿ. ಆದ್ರ ನಾ ಇಷ್ಟು ವರ್ಷದಾಗ ಒಮ್ಮೆನೂ ತೂಕ ಹಾಕಿ ಮಾಡಿಲ್ಲ, ಎರಕ ಕೆಟ್ಟಿಲ್ಲ.

ಮೊದಲ ಬಕೆಟ್ಟಿಗೆ ನೀರು ಹಾಕ್ರಿ. ನೀರಿಗೆ ಪುಡಿ, ಪುಡಿಗೆ ನೀರಲ್ಲ. ಜರಡಿ ಹಿಡದು ಪುಡಿ ಎಲ್ಲಾ ಕಡೆ ಸಮನಾಗಿ ಉದುರಿಸ್ಕೋತ ಹೋಗ್ರಿ. ಮೊದಮೊದಲ ಮುಳಗತೈತಿ. ಆಮ್ಯಾಲ ಅಲ್ಲಲ್ಲೆ ಸಣ್ಣ ಗುಡ್ಡ ನೀರಿನ ಮ್ಯಾಲ ತಲಿ ಎತ್ತತಾವ. ಆ ಗುಡ್ಡದ ತುದಿ ನೀರು ಹೀರದ ಒಣಾ ಉಳಿಯಾಕ ಹತ್ತಿತು ಅಂದ್ರ ಪುಡಿ ಸಾಕು. ಆಮ್ಯಾಲ ಮುಟ್ಟಬ್ಯಾಡ್ರಿ, ಒಂದೆರಡು ನಿಮಿಷ ಹಂಗ ಬಿಡ್ರಿ. ಪುಡಿ ತಾನ ನೀರು ಕುಡದು ಗಾಳಿ ಹೊರಗ ಬಿಡತೈತಿ. ಅದಾದ ಮ್ಯಾಲ ಕಡ್ಡಿನ ತಳದಾಗ ಇಟ್ಟು, ಮ್ಯಾಲ ಎತ್ತದ, ಸಾವಕಾಶ ತಿರವ್ರಿ. ಬೆರಳು ಅದ್ದಿ ತಗದ್ರ ಚರ್ಮ ಕಾಣದಂಗ ಬಿಳಿ ಪೊರಿ ನಿಲ್ಲಬೇಕು. ಆವಾಗ ಹೊಯ್ರಿ.

ಅರ್ಧಕ್ಕರ್ಧ ತೂತು ಜೋರು ತಿರವೋದ್ರಿಂದನ ಬರತಾವ. ಚಮಚ ಮ್ಯಾಲ ಕೆಳಗ ಆಡಿಸಿದ್ರ ಗಾಳಿ ಒಳಗ ಹೊಕ್ಕದ ಇರತೈತೇನ್ರಿ?

ತಕ್ಕಡಿ

ಹಳೇಬಕೆಟ್ ಅವರ ಕ್ರಮ ಸರಿಯಾಗೇ ಇದೆ, ಆದರೆ ಅದು ಕೈ ಪಳಗಿದವರಿಗೆ. ಹೊಸಬರು ಗುಡ್ಡ ಕಾಣೋ ಮೊದಲೇ ನಿಲ್ಲಿಸ್ತಾರೆ, ಇಲ್ಲಾ ದಬಕ್ಕಂತ ಸುರೀತಾರೆ. ಸಣ್ಣ ಅಚ್ಚಿನಲ್ಲಂತೂ ಸ್ವಲ್ಪ ಏರುಪೇರಾದ್ರೂ ಗೊತ್ತಾಗುತ್ತೆ. ಲೋಟದ ಲೆಕ್ಕ ಇನ್ನೂ ಮೋಸ: ಒಂದೇ ಪುಡಿಯನ್ನ ಸಡಿಲವಾಗಿ ತುಂಬಿದರೆ ಒಂದು ತೂಕ, ಕುಟ್ಟಿ ತುಂಬಿದರೆ ಇನ್ನೊಂದು.

ಒಂದು ಸುಲಭ ಲೆಕ್ಕ ಕೊಡ್ತೀನಿ. ಅಚ್ಚಿನ ತುಂಬ ನೀರು ತುಂಬಿಸಿ ಆ ನೀರನ್ನ ತೂಗಿ. 200 ಗ್ರಾಂ ಬಂತು ಅನ್ಕೊಳ್ಳಿ. ಆ ಅಚ್ಚಿಗೆ 130 ಗ್ರಾಂ ನೀರು, 185 ಗ್ರಾಂ ಪುಡಿ ಸಾಕು. ಬಟ್ಟಲಿಗೆ ಅಂಟಿ ಉಳಿಯೋದಕ್ಕೆ ಅಂತ ಎರಡನ್ನೂ ಒಂಚೂರು ಹೆಚ್ಚಿಸ್ಕೊಳ್ಳಿ. ಅಚ್ಚು ಒರೆಸೋದು ಮರೀಬೇಡಿ, ತಳದಲ್ಲಿ ನಿಂತ ನೀರು ನಿಮ್ಮ ಎರಕದ ಮುಖಕ್ಕೇ ಸೇರುತ್ತೆ.

ನಿಧಾನಿ

ಓವನ್ ವಿಷಯ ಯಾರೂ ಎತ್ತಲಿಲ್ಲವಲ್ಲ. ಪುಡಿ ಉದುರೋದಕ್ಕೆ ನನ್ನ ಮೊದಲ ಅನುಮಾನ ಅದರ ಮೇಲೇ. ಕಾರ್ಖಾನೆಯಲ್ಲಿ ಜಿಪ್ಸಮ್ ಕಾಯಿಸಿ ಪಿಒಪಿ ಮಾಡ್ತಾರೆ ಅಂತ ಮೇಲೇ ಬರೆದಿದ್ದಾರೆ. 100 ಡಿಗ್ರಿ ಓವನ್‌ನಲ್ಲಿ ಗಂಟೆಗಟ್ಟಲೆ ಇಟ್ಟಾಗ ಎರಕದ ಹೊರಮೈಗೆ ಆಗೋದೂ ಅದೇ. ಹರಳಿನೊಳಗಿದ್ದ ನೀರು ಹೋಗಿ ಮೇಲ್ಪದರ ಮತ್ತೆ ಪುಡಿಯಾಗೋಕೆ ಶುರುವಾಗುತ್ತೆ. 45 ಡಿಗ್ರಿ ದಾಟಿಸಬೇಡಿ. ಅದಕ್ಕಿಂತ ಒಳ್ಳೇದು ತಂತಿ ಜಾಲರಿ ಮೇಲಿಟ್ಟು ಫ್ಯಾನ್ ಹಾಕೋದು. ಕೆಳಗಿಂದಲೂ ಗಾಳಿ ಆಡಬೇಕು. ನೆಲದ ಮೇಲೆ ಅಂಗಾತ ಇಟ್ಟರೆ ಒಂದು ಬದಿ ಮಾತ್ರ ಒಣಗಿ, ತೆಳು ಬಿಲ್ಲೆಯಾದರೆ ಸೊಟ್ಟಗೂ ಆಗಬಹುದು.

ಒಣಗಿದೆಯೋ ಇಲ್ಲವೋ ನೋಡೋಕೆ ಕೆನ್ನೆಗೆ ಒತ್ತಿ ಹಿಡೀರಿ. ತಣ್ಣಗೆ ಅನಿಸಿದರೆ ಒಳಗೆ ನೀರಿದೆ. ತೂಕ ಹಾಕೋರಿಗೆ ಇನ್ನೂ ನಿಖರ ದಾರಿ ಇದೆ: ಹಾಕಿದ ಪುಡಿಯ ತೂಕವನ್ನ 1.19ರಿಂದ ಗುಣಿಸಿ. ಮೇಲಿನ ಲೆಕ್ಕದ 185 ಗ್ರಾಂಗೆ ಸುಮಾರು 220 ಗ್ರಾಂ ಆಗುತ್ತೆ. ಹೊಯ್ದಾಗ 315 ಗ್ರಾಂ ಇದ್ದದ್ದು ಅಲ್ಲಿಗೆ ಇಳಿಯೋವರೆಗೂ ಕಾಯಬೇಕು. ಬಣ್ಣ ಸಿಪ್ಪೆ ಏಳೋದಕ್ಕೂ ಇದೇ ಕಾರಣ. ಒಳಗೆ ತೇವ ಇರುವಾಗ ಮೇಲೆ ಬಣ್ಣದ ಪೊರೆ ಮುಚ್ಚಿದರೆ, ಆ ನೀರು ಹೊರಬರೋಕೆ ಪೊರೆಯನ್ನೇ ಎತ್ತಿಹಾಕುತ್ತೆ.

ಗಟ್ಟಿತನದ ವಿಷಯದಲ್ಲೂ ಅವಸರ ಬೇಡ. ಪೂರ್ತಿ ಒಣಗಿದ ಎರಕ ಹಸಿ ಎರಕಕ್ಕಿಂತ ಹೆಚ್ಚೂಕಡಿಮೆ ಎರಡು ಪಟ್ಟು ಬಲವಾಗಿರುತ್ತೆ. ಹೊಯ್ದ ದಿನವೇ ಉಗುರಲ್ಲಿ ಕೆರೆದು “ಮೆತ್ತಗಿದೆ” ಅಂತ ಬೇಜಾರಾಗೋದರಲ್ಲಿ ಅರ್ಥ ಇಲ್ಲ.

ಬಣ್ಣದಬುಟ್ಟಿ

ಬಣ್ಣದ ಮಾತು ಬಂದದ್ದರಿಂದ ಎರಡು ಮಾತು. ಒಣಗಿದ ಪಿಒಪಿ ನೀರನ್ನ ಭಯಂಕರವಾಗಿ ಹೀರುತ್ತೆ. ಅಕ್ರಿಲಿಕ್ ಬಣ್ಣವನ್ನ ನೇರ ಹಚ್ಚಿದರೆ ಕುಂಚ ಎಳೆಯೋ ಮೊದಲೇ ಕಚ್ಚಿಕೊಂಡು ಪಟ್ಟೆ ಪಟ್ಟೆ ಆಗುತ್ತೆ. ಮೊದಲು ಬಿಳಿ ಅಂಟನ್ನ ನೀರಲ್ಲಿ ಚೆನ್ನಾಗಿ ತೆಳು ಮಾಡಿ ಒಂದು ಕೈ ಹಚ್ಚಿ, ಇಲ್ಲಾ ಅಕ್ರಿಲಿಕ್ ಪ್ರೈಮರ್ ತೆಳುವಾಗಿ ಕೊಡಿ. ಅರಗಿನ ಪಾಲಿಶ್ ಕೂಡ ಚೆನ್ನಾಗಿ ಮುಚ್ಚುತ್ತೆ, ಆದರೆ ಸ್ವಲ್ಪ ಹಳದಿ ಛಾಯೆ ಬರುತ್ತೆ. ಗಾಢ ಬಣ್ಣದ ಕೆಳಗಾದರೆ ನಡೆಯುತ್ತೆ, ಬಿಳಿ ಉಳಿಸಬೇಕಾದ ಕಡೆ ಬೇಡ.

ಮಿಶ್ರಣಕ್ಕೇ ಬಣ್ಣ ಸೇರಿಸೋದಾದರೆ ಒಣ ಪುಡಿ ಬಣ್ಣವನ್ನ ಪಿಒಪಿ ಜೊತೆ ಮೊದಲೇ ಜರಡಿ ಹಿಡೀರಿ. ನೀರು ಬಣ್ಣ ಹಾಕೋದಾದರೆ ಅಷ್ಟು ನೀರು ಕಡಿಮೆ ಮಾಡ್ಕೊಳ್ಳಿ. ಹಸಿ ಇದ್ದಾಗ ಕಾಣೋ ಬಣ್ಣ ನಂಬಬೇಡಿ, ಒಣಗಿದ ಮೇಲೆ ತುಂಬಾ ಮಾಸಲಾಗುತ್ತೆ.

ಸಂಜೆಹೊತ್ತು

ಚರ್ಚೆ ಚೆನ್ನಾಗಿದೆ, ನಂದೂ ಒಂದು ಪ್ರಶ್ನೆ. ಮಗಳ ಕೈಯ ಅಚ್ಚು ತೆಗೆದು ಇಡಬೇಕು ಅಂತ ಆಸೆ. ಬಕೆಟ್‌ನಲ್ಲಿ ಪಿಒಪಿ ಕಲಸಿ ಕೈ ಅದ್ದಿಸಿ, ಗಟ್ಟಿಯಾದ ಮೇಲೆ ಮೆಲ್ಲಗೆ ತೆಗೆದರೆ ಆಗಲ್ವಾ? ಮೂಳೆ ಮುರಿದರೆ ಆಸ್ಪತ್ರೆಯಲ್ಲೂ ಇದನ್ನೇ ತಾನೇ ಸುತ್ತೋದು?

ನಿಧಾನಿ

ಬೇಡ. ಖಂಡಿತ ಬೇಡ. ಅಚ್ಚುಮೆಚ್ಚು ಅವರ ಪ್ರಶ್ನೆ ಕಾಯಬಹುದು, ಇದನ್ನ ಮೊದಲು ಓದಿ.

ಪಿಒಪಿ ಗಟ್ಟಿಯಾಗುವಾಗ ಬಿಸಿ ಬಿಡುತ್ತೆ. ಸಣ್ಣ ಬಿಲ್ಲೆಯಲ್ಲಿ ಅದು ಬೆಚ್ಚಗೆ ಅಷ್ಟೇ. ಬಕೆಟ್ ತುಂಬ ಇದ್ದಾಗ ಬಿಸಿ ಹೊರಗೆ ಹೋಗೋಕೆ ದಾರಿಯಿಲ್ಲದೆ ಒಳಗೆ 60 ಡಿಗ್ರಿಯವರೆಗೂ ಏರಬಹುದು. ಅಷ್ಟರಲ್ಲಿ ಕೈ ಸುತ್ತ ಕಲ್ಲಾಗಿರುತ್ತೆ, ಎಳೆದರೂ ಬರಲ್ಲ. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ಚಿತ್ರಕಲೆ ತರಗತಿಯಲ್ಲಿ ಹೀಗೇ ಬಕೆಟ್‌ಗೆ ಕೈ ಇಟ್ಟು ಸುಟ್ಟುಕೊಂಡು ಬಹುಪಾಲು ಬೆರಳುಗಳನ್ನೇ ಕಳೆದುಕೊಂಡಳು. ಶಾಲೆಗೆ ನ್ಯಾಯಾಲಯ ದಂಡ ಹಾಕಿತು.

ಆಸ್ಪತ್ರೆಯಲ್ಲಿ ಸುತ್ತೋದು ತೆಳು ಬ್ಯಾಂಡೇಜು, ಕೆಳಗೆ ಹತ್ತಿಯ ಪದರ ಬೇರೆ ಇರುತ್ತೆ. ಬಿಸಿ ಹೊರಗೆ ಹೋಗೋಕೆ ದಾರಿ ಇರುತ್ತೆ. ಎರಡಕ್ಕೂ ಹೋಲಿಕೆಯೇ ಇಲ್ಲ.

ಕೈ ಅಚ್ಚಿಗೆ ಆಲ್ಜಿನೇಟ್ ತಗೊಳ್ಳಿ. ಸಮುದ್ರಪಾಚಿಯಿಂದ ಮಾಡೋ ಪುಡಿ, ದಂತವೈದ್ಯರು ಹಲ್ಲಿನ ಅಳತೆ ತೆಗೆಯೋದೂ ಅದರಲ್ಲೇ. ನೀರಲ್ಲಿ ಕಲಸಿದರೆ ಕೆಲವೇ ನಿಮಿಷದಲ್ಲಿ ರಬ್ಬರಿನಂತೆ ಆಗುತ್ತೆ, ಬಿಸಿಯಾಗಲ್ಲ, ಬೆರಳಾಡಿಸಿ ಕೈ ಹೊರತೆಗೀಬಹುದು. ಆ ಖಾಲಿ ಜಾಗಕ್ಕೆ ಪಿಒಪಿ ಹೊಯ್ಯಿರಿ. ಅದೇ ದಿನ, ಸಾಧ್ಯವಾದರೆ ತಕ್ಷಣವೇ. ಆಲ್ಜಿನೇಟ್‌ನ ನೀರು ಆರಿದರೆ ಅಚ್ಚು ಕುಗ್ಗುತ್ತೆ.

ಸಂಜೆಹೊತ್ತು

ಕೇಳಿದ್ದು ಒಳ್ಳೇದಾಯ್ತು. ಧನ್ಯವಾದ. ಆಲ್ಜಿನೇಟೇ ತರಿಸ್ತೀನಿ. ಪಿಒಪಿ ಗಟ್ಟಿಯಾದ ಮೇಲೆ ಆಲ್ಜಿನೇಟ್ ಅಚ್ಚನ್ನ ಮತ್ತೆ ಬಳಸಬಹುದಾ?

ತಕ್ಕಡಿ

ಇಲ್ಲ, ಅದನ್ನ ಚೂರು ಚೂರಾಗಿ ಕಿತ್ತು ತೆಗೀಬೇಕು, ಒಂದೇ ಸಲಕ್ಕೆ. ಬೆರಳಿನ ಸಂದಿ ಕೀಳುವಾಗ ಹುಷಾರು, ಕಿರುಬೆರಳು ಹೋಗೋದು ಸಾಮಾನ್ಯವಾಗಿ ಅಲ್ಲೇ.

ಒಂದು ಸಲಕ್ಕೇ ಮುಗಿಯೋ ಅಚ್ಚು ಅಂದಾಗ ಇಟಲಿಯ ಪುರಾತನ ಊರು ಪೊಂಪೆಯಿ ನೆನಪಾಗುತ್ತೆ. ಜ್ವಾಲಾಮುಖಿ ಬೂದಿಯಲ್ಲಿ ಹೂತ ದೇಹಗಳು ಕರಗಿ, ಬೂದಿಯ ಪದರದಲ್ಲಿ ಅವುಗಳ ಆಕಾರದ ಪೊಳ್ಳು ಉಳಿದಿತ್ತು. 1863ರಲ್ಲಿ ಅಲ್ಲಿ ಉತ್ಖನನ ನಡೆಸ್ತಿದ್ದ ಜುಸೆಪ್ಪೆ ಫಿಯೊರೆಲ್ಲಿ ಆ ಪೊಳ್ಳಿಗೆ ಪ್ಲಾಸ್ಟರ್ ಹೊಯ್ಸಿ, ಗಟ್ಟಿಯಾದ ಮೇಲೆ ಸುತ್ತಲ ಬೂದಿ ಬಿಡಿಸಿಸಿದರು. ಬಟ್ಟೆಯ ಮಡಿಕೆ ಕೂಡ ಮೂಡಿತ್ತು. ಗಟ್ಟಿಯಾಗುವಾಗ ಪ್ಲಾಸ್ಟರ್ ಕುಗ್ಗೋ ಬದಲು ಒಂಚೂರು ಹಿಗ್ಗುತ್ತೆ, ಶೇಕಡಾ 0.2–0.3ರಷ್ಟು. ಅದರಿಂದಲೇ ಅಚ್ಚಿನ ಮೂಲೆ ಮೂಲೆಗೂ ಒತ್ತಿಕೊಂಡು ಇಷ್ಟು ಸೂಕ್ಷ್ಮ ಗೆರೆ ಎತ್ತಿಕೊಳ್ಳೋದು.

ಅಚ್ಚುಮೆಚ್ಚು

ಅಬ್ಬಾ, ಇಷ್ಟೊಂದು ಸಿಗುತ್ತೆ ಅಂದ್ಕೊಂಡಿರಲಿಲ್ಲ. ಓವನ್ ಬಂದ್. ಮತ್ತೆ ಮೂರು ವಿಷಯ ಕೇಳಬೇಕು. ಚೀಲ ಹಳೇದು ಅಂದೆನಲ್ಲ, ಅದರಲ್ಲಿ ಸಣ್ಣ ಗಂಟುಗಳಿವೆ, ಜರಡಿ ಹಿಡಿದು ಬಳಸಬಹುದಾ? ಬಿಸಿನೀರು ತಪ್ಪಾ? ಸಿಲಿಕೋನ್ ಅಚ್ಚಿಗೆ ಎಣ್ಣೆ ಹಚ್ಚಬೇಕಾ?

ತಕ್ಕಡಿ

ಗಂಟು ಇದೆ ಅಂದ್ರೆ ಪುಡಿ ಗಾಳಿಯ ತೇವ ಹೀರಿದೆ. ಅದರಲ್ಲಿ ಒಂದಿಷ್ಟು ಆಗಲೇ ಜಿಪ್ಸಮ್ ಆಗಿಹೋಗಿದೆ, ಜರಡಿ ಹಿಡಿದರೂ ಉಳಿದದ್ದು ಮೊದಲಿನ ಹಾಗಿರಲ್ಲ. ಕೆಲವೊಮ್ಮೆ ಬೇಗ ಬಿಗಿಯುತ್ತೆ, ತೀರಾ ಹಳೇದಾದ್ರೆ ಬಿಗಿಯೋದೇ ಇಲ್ಲ. ಒಂದು ಸಣ್ಣ ಉಂಡೆ ಕಲಸಿ ನೋಡಿ. ಅರ್ಧ ಗಂಟೆಯೊಳಗೆ ಬೆಚ್ಚಗಾಗಿ ಗಟ್ಟಿಯಾಗದಿದ್ರೆ ಆ ಚೀಲ ಬಿಟ್ಟುಬಿಡಿ. ಹೊಸದು ತಂದ ದಿನವೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ.

ಬೆಚ್ಚಗಿನ ನೀರು ಬಿಗಿಯೋದನ್ನ ಅವಸರ ಮಾಡುತ್ತೆ. ಎರಡನೇ ಅಚ್ಚಿಗೆ ಹೊತ್ತು ಸಾಲದೇ ನೀರು ಸೇರಿಸಬೇಕಾಗಿ ಬರ್ತಿದ್ದದ್ದೇ ಅದಕ್ಕೆ. ಕೋಣೆಯ ಶಾಖದ ನೀರು ಸಾಕು. ಬಟ್ಟಲಿಗೆ ಹಳೇ ಪ್ಲಾಸ್ಟರ್ ಚೂರು ಅಂಟಿದ್ರೂ ಹೀಗೇ ಆಗುತ್ತೆ: ಆ ಚೂರಿನ ಸುತ್ತ ಹೊಸ ಹರಳು ಬೇಗ ಬೆಳೆಯುತ್ತೆ. ತಡ ಮಾಡಿಸಬೇಕು ಅಂದ್ರೆ ನೀರಿಗೆ ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಹೆಚ್ಚು ಹಾಕಿದರೆ ಬಲ ಕುಂದುತ್ತೆ.

ಹಳೇಬಕೆಟ್

ಬೇಗ ಬಿಗೀಲಿ ಅಂತ ಅಡಗಿ ಉಪ್ಪು ಹಾಕೋರು ಅದಾರ. ಬಿಗೀತೈತಿ, ಸುಳ್ಳಲ್ಲ. ಆದ್ರ ಒಣಗೂಮುಂದ ಆ ಉಪ್ಪು ಮ್ಯಾಲ ಬಂದು ಬಿಳಿ ಹೂವಿನಂಗ ಕುಂಡರತೈತಿ, ಬಣ್ಣ ನಿಲ್ಲೂದಿಲ್ಲ. ನಾ ಅಂತೂ ಹಾಕಂಗಿಲ್ಲ.

ಸಿಲಿಕೋನಿಗೆ ಎಣ್ಣಿ ಬ್ಯಾಡ್ರಿ, ತಾನ ಬಿಡತೈತಿ. ಎಣ್ಣಿ ಗೆರಿಯೊಳಗ ನಿಂತು ಮುಖ ಕೆಡಸತೈತಿ. ಒಂದೆರಡು ಹನಿ ಪಾತ್ರೆ ತೊಳಿಯೋ ಸೋಪು ನೀರಾಗ ಹಾಕಿ ತೆಳ್ಳಗ ಸಿಂಪಡಿಸಿ, ಹೆಚ್ಚಿದ್ದನ್ನ ಕುಂಚದಿಂದ ತಗದುಬಿಡ್ರಿ. ಗುಳ್ಳಿ ಅಂಟಿ ಕುಂದ್ರೂದಿಲ್ಲ. ಸೋಪು ನಿಂತ್ರ ಮಾತ್ರ ಅಲ್ಲೆ ಮತ್ತ ಪುಡಿ ಉದರತೈತಿ, ನೆನಪಿರಲಿ. ಪ್ಲಾಸ್ಟರ್ ಅಚ್ಚಿಗ ಪ್ಲಾಸ್ಟರ್ ಹೊಯ್ಯೂದಾದ್ರ ಮಾತ ಬ್ಯಾರೆ. ಅರಗಿನ ಪಾಲಿಶ್ ಕೊಟ್ಟು, ಮ್ಯಾಲ ಸೋಪು ಇಲ್ಲಾ ಪೆಟ್ರೋಲಿಯಂ ಜೆಲ್ಲಿ ತೆಳ್ಳಗ ಒರಸಲಿಲ್ಲಂದ್ರ ಎರಡೂ ಕೂಡಿ ಒಂದ ಕಲ್ಲಾಗತಾವ.

ಹೊಯ್ಯೂಮುಂದ ಮೊದಲ ಕುಂಚದಿಂದ ಅಚ್ಚಿನ ಗೆರಿಗೆಲ್ಲ ತೆಳ್ಳಗ ಬಳೀರಿ. ಆಮ್ಯಾಲ ಒಂದ ಮೂಲ್ಯಾಗಿಂದ ಸಣ್ಣ ಧಾರಿ ಹಿಡದು ಹೊಯ್ರಿ, ತಾನ ಹರಕೊಂಡು ಹೋಗಲಿ. ನಡುವ ಸುರದ್ರ ಗಾಳಿ ಕೆಳಗ ಸಿಗತೈತಿ. ಕೊನಿಗೆ ಮೇಜಿನ ಮ್ಯಾಲ ಅಚ್ಚು ತಟ್ರಿ, ಗುಳ್ಳಿ ಮ್ಯಾಲ ಬರತಾವ.

ಗಾರೆಮೇಸ್ತ್ರಿ

ಇಷ್ಟೆಲ್ಲ ತಲೆನೋವು ಯಾಕೆ? ಪಿಒಪಿಗೆ ಅರ್ಧ ಬಿಳಿ ಸಿಮೆಂಟ್ ಬೆರೆಸಿ. ನಾನು ಬೆರೆಸ್ತೀನಿ, ಗುಂಡಿನಂಗೆ ಗಟ್ಟಿ.

ತಕ್ಕಡಿ

ಒಣ ಜಾಗದಲ್ಲಿಟ್ಟರೆ ಸ್ವಲ್ಪ ಕಾಲ ನಿಲ್ಲಬಹುದು. ಸಿಮೆಂಟ್ ತಯಾರಿಸುವಾಗಲೂ ಬಿಗಿಯೋ ವೇಗ ಹತೋಟಿಯಲ್ಲಿಡೋಕೆ ಜಿಪ್ಸಮ್ ಹಾಕ್ತಾರೆ, ಆದರೆ ಅಳತೆ ನೋಡಿ, ತೀರಾ ಕಡಿಮೆ. ಅರ್ಧಕ್ಕರ್ಧ ಬೆರೆಸಿದಾಗ ತೇವ ತಗುಲಿದಲ್ಲೆಲ್ಲ ಸಿಮೆಂಟಿನ ಅಲ್ಯೂಮಿನೇಟ್ ಜೊತೆ ಪಿಒಪಿಯ ಸಲ್ಫೇಟ್ ಸೇರಿ ಎಟ್ರಿಂಗೈಟ್ ಅನ್ನೋ ಹರಳು ಬೆಳೆಯುತ್ತೆ. ಅದು ಹೆಚ್ಚು ಜಾಗ ಕೇಳುತ್ತೆ, ಒಳಗಿಂದಲೇ ಎರಕ ಸೀಳುತ್ತೆ. ಗಟ್ಟಿತನ ಬೇಕಿದ್ರೆ ಡೆಂಟಲ್ ಸ್ಟೋನ್ ಬಳಸಿ. ಅದೂ ಪಿಒಪಿಯ ಬಳಗದ್ದೇ, ಆದರೆ ಒತ್ತಡದ ಹಬೆಯಲ್ಲಿ ತಯಾರಾದದ್ದು, ಕಣ ದಟ್ಟ. 100 ಗ್ರಾಂಗೆ 30 ಗ್ರಾಂ ಆಸುಪಾಸು ನೀರು ಸಾಕಾಗುತ್ತೆ, ಪೊಳ್ಳು ಅಷ್ಟು ಕಡಿಮೆ.

ಗಾರೆಮೇಸ್ತ್ರಿ

ನಂದು ಇನ್ನೂ ಸೀಳಿಲ್ಲ ಸ್ವಾಮಿ. ಸೀಳಿದಾಗ ಹೇಳ್ತೀನಿ.

ಸಂಜೆಹೊತ್ತು

ಪಿಒಪಿ ಎರಕವನ್ನ ಹೊರಗೆ ಗಿಡಗಳ ಮಧ್ಯ ಇಡಬಹುದಾ? ಮೇಲೆ ವಾರ್ನಿಷ್ ಹೊಡೆದರೆ?

ನಿಧಾನಿ

ಜಿಪ್ಸಮ್ ನೀರಲ್ಲಿ ಕರಗುತ್ತೆ, ಲೀಟರಿಗೆ ಸುಮಾರು 2 ಗ್ರಾಂ. ಕಮ್ಮಿ ಅನಿಸಬಹುದು, ಆದರೆ ಮಳೆ ಬಿದ್ದಷ್ಟೂ ಬೀಳುತ್ತೆ. ವಾರ್ನಿಷ್‌ನಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟರೆ ನೀರು ಅಲ್ಲಿಂದ ಒಳಗೆ ಹೋಗಿ ಹೊರಬರಲ್ಲ. ಹೊರಗೆ ಇಡೋದಕ್ಕೆ ಸಿಮೆಂಟ್ ಎರಕವೇ ಸರಿ, ಪಿಒಪಿ ಒಳಾಂಗಣದ್ದು. ಲೋಟ ಇಡೋ ಬಿಲ್ಲೆಯನ್ನೂ ಚೆನ್ನಾಗಿ ಸೀಲ್ ಮಾಡದಿದ್ರೆ ದಿನಾ ತೇವ ಹೀರಿ ಹಾಳಾಗುತ್ತೆ.

ಹಾಗೇ, ಉಳಿದ ಪ್ಲಾಸ್ಟರನ್ನ ಸಿಂಕಿಗೆ ಸುರೀಬೇಡಿ. ಅದು ನೀರೊಳಗೂ ಗಟ್ಟಿಯಾಗುತ್ತೆ, ಕೊಳವೆ ಕಟ್ಟಿಕೊಂಡರೆ ಒಡೆದೇ ತೆಗೀಬೇಕು. ಮೆತ್ತನೆ ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿ, ಉಳಿದದ್ದು ಅಲ್ಲೇ ಗಟ್ಟಿಯಾಗಲಿ, ಬಟ್ಟಲನ್ನ ಅದುಮಿದರೆ ಸಿಡಿದು ಬರುತ್ತೆ. ಕುಂಚ ತೊಳೆದ ನೀರನ್ನ ಬಕೆಟ್‌ನಲ್ಲಿ ರಾತ್ರಿಯಿಡೀ ಬಿಟ್ಟು ತಿಳಿ ಬಸಿದು, ತಳದ ಗಷ್ಟು ಕಸಕ್ಕೆ ಹಾಕಿ. ಜರಡಿ ಹಿಡಿಯುವಾಗ, ಉಪ್ಪುಕಾಗದ ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ.

ಅಚ್ಚುಮೆಚ್ಚು

ಹೊಸ ಪುಡಿ ತಂದು, ತೂಕ ಹಾಕಿ, ತಕ್ಕಡಿ ಅವರ ಲೆಕ್ಕದಲ್ಲೇ ಹೊಯ್ದೆ. ಪುಡಿ ಉದುರೋದು ನಿಂತಿದೆ. ತೂತು ಮುಖದಲ್ಲಿಲ್ಲ, ಬೆನ್ನಲ್ಲಿ ಒಂದೆರಡು ಇವೆ, ಅವು ಗೋಡೆ ಕಡೆಗೆ ಹೋಗ್ತವೆ ಬಿಡಿ. ಬಿಲ್ಲೆ ಒಣಗ್ತಿದೆ, ತೂಕ ನಿಧಾನಿ ಅವರು ಹೇಳಿದ ಕಡೆಗೇ ಇಳೀತಿದೆ. ಬಣ್ಣಕ್ಕೆ ಇನ್ನೂ ಕೈ ಹಾಕಿಲ್ಲ. ಎಲೆಯ ತುದಿ ಮಾತ್ರ ಇನ್ನೂ ಮುರೀತಿದೆ. ಒಳಗೆ ತಂತಿ ಇಡಲಾ?

ಹಳೇಬಕೆಟ್

ಕಬ್ಬಿಣ ತಂತಿ ಇಟ್ರ ತುಕ್ಕಿನ ಕಲಿ ಹೊರಗ ಹಾಯತೈತಿ. ಬ್ಯಾಂಡೇಜ್ ಬಟ್ಟಿ ಇಲ್ಲಾ ಗೋಣಿನಾರು ಸಣ್ಣಾಗಿ ಕತ್ತರಿಸಿ, ಪ್ಲಾಸ್ಟರಿನ್ಯಾಗ ಅದ್ದಿ, ಅರ್ಧ ಹೊಯ್ದ ಮ್ಯಾಲ ಎಲಿ ಬೆನ್ನಿಗೆ ಒತ್ರಿ. ಮುಖದ ಕಡೆ ಬರಬಾರದು. ಆಮ್ಯಾಲ ಉಳದದ್ದು ಹೊಯ್ರಿ.

ಇನ್ನ ಬಿಡಸೂದು. ಪ್ಲಾಸ್ಟರ್ ಬಿಸಿಯಾಗಿ ಮತ್ತ ಆರೂತನಕ ಮುಟ್ಟಬ್ಯಾಡ್ರಿ. ಆರಿದ ಮ್ಯಾಲ ಎರಕ ಹಿಡದು ಎಳೀಬ್ಯಾಡ್ರಿ, ಸಿಲಿಕೋನ್ ಅಂಚು ಸುತ್ತಲೂ ಸಡಿಲ ಮಾಡಿ, ಅಚ್ಚು ಬೋರಲ ಹಾಕಿ, ಎಲಿಯ ದಪ್ಪ ಕಡಿಯಿಂದ ಸಿಲಿಕೋನನ್ನ ಹಿಂದಕ್ಕ ಸುರುಳಿ ಸುತ್ತಿದಂಗ ಸುಲೀರಿ. ತುದಿ ಕಡೀಕ ಬರಲಿ.

ಅಚ್ಚುಮೆಚ್ಚು

ನಾನು ತುದಿಯಿಂದಲೇ ಶುರು ಮಾಡ್ತಿದ್ದೆ. ಇವತ್ತು ರಾತ್ರಿ ಇನ್ನೊಂದು ಎಲೆ ಹೊಯ್ತೀನಿ, ಬೆನ್ನಿಗೆ ಬಟ್ಟೆ ಹಾಕಿ. ಬಣ್ಣದಬುಟ್ಟಿ ಅವರೇ, ಬಿಳಿ ಅಂಟಿಗೆ ನೀರು ಎಷ್ಟು ಪಾಲು?

ಬಣ್ಣದಬುಟ್ಟಿ

ಅಂಟು ಒಂದು ಪಾಲು, ನೀರು ಮೂರು ಪಾಲಿಂದ ಶುರು ಮಾಡಿ. ಹೀರಿಕೊಂಡು ಮೇಲೆ ಹೊಳಪು ಉಳಿಯದಿದ್ರೆ ಸರಿ ಇದೆ. ಹೊಳಪು ನಿಂತರೆ ಅಂಟು ಹೆಚ್ಚಾಯ್ತು, ಇನ್ನೊಂದು ಪಾಲು ನೀರು ಸೇರಿಸಿ. ಬೆನ್ನಿಗೆ ಈಗಲೇ ಹಚ್ಚಬೇಡಿ, ಒಳಗೆ ಉಳಿದ ತೇವ ಆ ಕಡೆಯಿಂದ ಹೋಗಲಿ.